ಬಣ್ಣ ನೋಡಿ ಬೋಟು ಕೊಳ್ಳುವವರಿಗೆ

ಕಳೆದ ಭಾನುವಾರ ಸಹಕಾರನಗರದ ನಮ್ಮ ಮನೆಗೆ ಬಂದ ಹಳೆಯ ಶಿಷ್ಯನೊಬ್ಬ, ಮಲ್ಪೆಯಲ್ಲಿ ಮಾರಾಟಕ್ಕಿರುವ ಹಳೆಯ ಟ್ರಾಲ್ ಬೋಟುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ. ಒಂದನ್ನು ಕೊಂಡು ಅಲ್ಲಿನ ಭಾವಮೈದುನನಿಗೆ ನಡೆಸಲು ಕೊಡುವನಂತೆ. "ಹೊಸ ಪೇಂಟು ಸಾರ್, ಎಂಜಿನ್ನೂ ರಿಪೇರಿಯಾಗಿದೆ" ಎಂದ. ಹಲ್ಲು ನೋಡದೆ ಎತ್ತು ಕೊಳ್ಳದ ರೈತನ ಮಗ ಇವನು!

ಬೋಟಿನ ಆಯುಷ್ಯವಿರುವುದು ನೀರಿನೊಳಗಿನ ಭಾಗದಲ್ಲಿ. ಚಿತ್ರದಲ್ಲಿ ಕಾಣದಿರುವುದೂ ಅದೇ. ಮರದ ಮೇಲೆ ಫೈಬರ್ ಹೊದಿಸಿಬಿಟ್ಟರೆ ಕೊಳೆತ ಹಲಗೆಯೂ ಹೊಳೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕೊಳ್ಳುವವನು ಆಗ ಹೋಗಬೇಕು. ಬೋಟನ್ನು ದಡಕ್ಕೆಳೆಸಿ, ತನ್ನದೇ ಬಡಗಿಯಿಂದ ಅಡಿಯನ್ನೆಲ್ಲ ಬಡಿಸಿ ನೋಡಬೇಕು, ಮಂಕು ಸದ್ದು ಬಂದಲ್ಲಿ ಚುಚ್ಚಿಸಬೇಕು. ಮೊಳೆಗಳ ತುಕ್ಕು, ಪ್ರೊಪೆಲ್ಲರ್ ಶಾಫ್ಟಿನ ಸಡಿಲವನ್ನೂ ಬಿಡಬಾರದು. ಮಾರುವವ ಇದಕ್ಕೆ ಒಪ್ಪದಿದ್ದರೆ ಅದೇ ಉತ್ತರ.

ನಷ್ಟವಾದರೆ ತನ್ನ ಹಣವಷ್ಟೇ ಎಂದು ವಾದಿಸಿದ. ಸುಳ್ಳು. ತಾಂಡೇಲನೂ ಕಲಾಸಿಗಳೂ ಅದರಲ್ಲೇ ಹೋಗುವವರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿಯೊಡನೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಾಲ್ವಣದ ಸಮುದ್ರದಲ್ಲಿ. ಅದು ಹಳೆಯದಾಗಿತ್ತೆಂದು ನಾನು ಹೇಳುತ್ತಿಲ್ಲ. ದಡದಿಂದ ಎಷ್ಟು ದೂರದ ಬದುಕು ಅದೆಂದು ನೆನಪಿಸುತ್ತಿದ್ದೇನೆ.

ಮುಂಗಡ ಕೊಟ್ಟಾಗಿದೆಯಂತೆ. ಹೋದರೆ ಹೋಗಲಿ.