ಧಾರಾವಾಹಿಯನ್ನು ಬೈಯುವ ಮುನ್ನ

ಟಿವಿಯಿಂದ ಮನೆ ಹಾಳಾಯಿತು ಎಂಬ ಮಾತನ್ನು ನಾವು ಕೇಳುತ್ತಾ ಬಂದು ದಶಕಗಳೇ ಕಳೆದವು. ಮಸೀದಿಯ ಬಯಾನ್‌ನಲ್ಲಿ, ಮಠದ ಆಶೀರ್ವಚನದಲ್ಲಿ, ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ, ಪತ್ರಿಕೆಗಳ ವಾಚಕರ ಪತ್ರಗಳಲ್ಲಿ ಈ ಮಾತು ತಪ್ಪದೆ ಬರುತ್ತದೆ. ಹೇಳುವವರ ವೇಷ, ಭಾಷೆ, ಧರ್ಮ ಬೇರೆ ಬೇರೆ. ಆದರೆ ಆರೋಪಿ ಮಾತ್ರ ಒಬ್ಬಳೇ. ಸಂಜೆಯಾದರೆ ಸಾಕು ಧಾರಾವಾಹಿಯ ಮುಂದೆ ಕೂರುವ ಹೆಂಗಸು. ಅವಳಿಂದ ಅಡುಗೆ ತಡವಾಯಿತು, ಮಕ್ಕಳ ಓದು ಕೆಟ್ಟಿತು, ಅತ್ತೆ-ಸೊಸೆ ಜಗಳ ಹೆಚ್ಚಿತು, ಸಂಸ್ಕೃತಿಯೇ ಮುಳುಗಿತು!

ಧಾರಾವಾಹಿಗಳ ಪರ ವಕಾಲತ್ತು ವಹಿಸುವುದು ಈ ಬರಹದ ಉದ್ದೇಶವಲ್ಲ. ಅವುಗಳಲ್ಲಿ ಬಹುಪಾಲು ಟೊಳ್ಳು ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಆರೋಪದ ವಿಳಾಸದ ಬಗ್ಗೆ. ಟಿವಿಯಲ್ಲಿ ಏನು ಬರುತ್ತದೆ ಎಂದು ನಾವು ಬೇಕಾದಷ್ಟು ಚರ್ಚಿಸಿದ್ದೇವೆ. ಟಿವಿ ಓಡುತ್ತಿರುವಾಗ ಮನೆಯಲ್ಲಿ ಯಾರು ಕೂತಿರುತ್ತಾರೆ, ಯಾರು ನಿಂತಿರುತ್ತಾರೆ ಎಂದು ಕೇಳಿಲ್ಲ. ಮನೆ ಎಂಬುದು ವಿಶ್ರಾಂತಿಯ ಜಾಗ ಎನ್ನುತ್ತೇವೆ. ಯಾರ ವಿಶ್ರಾಂತಿಯ ಜಾಗ?

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯನ್ನೇ ತೆಗೆದುಕೊಳ್ಳಿ. ಹೋಬಳಿ ಕೇಂದ್ರವಾದ ಊರು. ಘಾಟಿ ಸುಬ್ರಹ್ಮಣ್ಯಕ್ಕೆ ಹತ್ತಿರ. ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ, ಹಸು ಕಟ್ಟಿದ ಮನೆಗಳು. ಅತ್ತ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳು, ಅಪೆರಲ್ ಪಾರ್ಕಿನ ಗಾರ್ಮೆಂಟ್ಸ್ ಕಾರ್ಖಾನೆಗಳು. ಇಂಥ ಊರಿನ ಒಂದು ಮಾಮೂಲಿ ದಿನ ಹೇಗಿರುತ್ತದೆ?

ಬೆಳಿಗ್ಗೆ ಐದಕ್ಕೆ ಮೊದಲು ಏಳುವವಳು ಹೆಂಗಸು. ಕೊಟ್ಟಿಗೆ ಬಾಚಬೇಕು, ಹಾಲು ಕರೆಯಬೇಕು. ಕರೆದ ಹಾಲನ್ನು ಬೈಕಿಗೆ ಕ್ಯಾನು ನೇತುಹಾಕಿಕೊಂಡು ಡೇರಿಗೆ ಒಯ್ಯುವವನು ಹೆಚ್ಚಾಗಿ ಗಂಡಸು. ಡೇರಿಯ ಪುಸ್ತಕದಲ್ಲಿ ಬರೆಯುವುದು ಲೀಟರ್ ಮತ್ತು ಜಿಡ್ಡಿನ ಅಂಶ. ಸಗಣಿ ಬಾಚಿದ ಕೈಯ ಲೆಕ್ಕ ಅಲ್ಲಿ ಇರುವುದಿಲ್ಲ. ಆಮೇಲೆ ನೀರು ಹಿಡಿಯುವುದು, ತಿಂಡಿ, ಮಕ್ಕಳ ಡಬ್ಬಿ, ಗಂಡನ ಡಬ್ಬಿ, ಗಾರ್ಮೆಂಟ್ಸಿಗೆ ಹೋಗುವವಳಾದರೆ ತನ್ನದೂ ಒಂದು ಡಬ್ಬಿ. ಪಾತ್ರೆ, ಬಟ್ಟೆ, ಮನೆಯಲ್ಲಿ ವಯಸ್ಸಾದ ಅತ್ತೆ ಮಾವ ಇದ್ದರೆ ಅವರ ಮಾತ್ರೆ. ರೇಷ್ಮೆ ಹುಳು ಸಾಕಿದ ಮನೆಯಾದರೆ ಕೇಳುವುದೇ ಬೇಡ. ಹುಳು ನಾಲ್ಕನೇ ಜ್ವರ ಕಳೆದು ಎದ್ದ ಮೇಲೆ ಸೊಪ್ಪಿಗೆ ಹೊತ್ತು ಗೊತ್ತಿಲ್ಲ. ರಾತ್ರಿಯೂ ಎದ್ದು ಹಾಕಬೇಕು. ಚಂದ್ರಿಕೆಗೆ ಬಿಡುವವರೆಗೆ ಮನೆಯೊಳಗೆ ಹುಳುವಿನದೇ ದರ್ಬಾರು.

ಸಂಜೆ ಗಂಡಸು ಮನೆಗೆ ಬರುತ್ತಾನೆ. ಕೈಕಾಲು ತೊಳೆಯುತ್ತಾನೆ, ಕೂರುತ್ತಾನೆ, ರಿಮೋಟು ಹಿಡಿಯುತ್ತಾನೆ. ಇಷ್ಟಕ್ಕೇ ಅವನ ದಿನ ಮುಗಿಯಿತು. ಹೆಂಗಸು ಹೊಲದಿಂದ ಬರಲಿ, ಗಾರ್ಮೆಂಟ್ಸಿನಿಂದ ಬರಲಿ, ಚಪ್ಪಲಿ ಬಿಟ್ಟ ಕೂಡಲೇ ಅವಳ ಎರಡನೇ ಪಾಳಿ ಶುರುವಾಗುತ್ತದೆ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಮುದ್ದೆಗೆ ಎಸರಿಡುವ ಮೊದಲು ಸಿಗುವ ಅಷ್ಟಿಷ್ಟು ಹೊತ್ತಿನಲ್ಲಿ ಅವಳು ಟಿವಿ ಇರುವ ಕೋಣೆಗೆ ಬರುತ್ತಾಳೆ. ಬರಿಗೈಯಲ್ಲಿ ಬರುತ್ತಾಳೆಯೇ? ಇಲ್ಲ. ಮೊರದಲ್ಲಿ ಬೆಳ್ಳುಳ್ಳಿ ಇರುತ್ತದೆ. ಚಳಿಗಾಲವಾದರೆ ಸುಲಿಯಬೇಕಾದ ಅವರೆಕಾಯಿಯ ರಾಶಿ, ಹಿದುಕಬೇಕಾದ ಅವರೆಕಾಳು. ನಾಲ್ಕು ಕಾಳು ಹಿದುಕುವಷ್ಟರಲ್ಲಿ ಒಂದು ದನಿ. ಒಂದು ಮನೆಯಲ್ಲಿ ಅದು ‘ಅಮ್ಮೀ, ಪಾನಿ ದೇವ್’. ಪಕ್ಕದ ಮನೆಯಲ್ಲಿ ‘ಅಮ್ಮಾ, ನೀರ್ ಕೊಡು’. ಕರೆಯುವ ಭಾಷೆ ಎರಡು, ಏಳುವವಳು ಒಬ್ಬಳೇ. ನೀರಿನ ಬಿಂದಿಗೆ ಕೂಗಿದವನ ಬೆನ್ನ ಹಿಂದೆಯೇ ಇದ್ದರೂ ಏಳುವವಳು ಅವಳೇ.

ಇದನ್ನು ಕಂಡೂ ‘ಹೆಂಗಸರು ಸಂಜೆಯಿಡೀ ಟಿವಿ ನೋಡುತ್ತಾರೆ’ ಎನ್ನುವುದು ಎಂಥ ನ್ಯಾಯ? ನೋಡುವುದು ಎಲ್ಲಿ ಬಂತು, ಅವಳು ಕೇಳಿಸಿಕೊಳ್ಳುತ್ತಾಳೆ ಅಷ್ಟೆ. ಅಡುಗೆಮನೆಯಿಂದ ಕಿವಿಗೊಟ್ಟು ಕಥೆ ಹಿಡಿಯುತ್ತಾಳೆ. ಧಾರಾವಾಹಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಮನೆಗೆಲಸ ಮಾಡುವ ಹೆಂಗಸರಿಗಾಗಿ ಹಗಲು ಹೊತ್ತಿನ ಕಥೆಗಳು ಶುರುವಾದವು. ಹಣ ಹಾಕಿದವು ಸಾಬೂನು ಕಂಪನಿಗಳು. ‘ಸೋಪ್ ಒಪೇರಾ’ ಎಂಬ ಹೆಸರು ಬಂದದ್ದೇ ಹಾಗೆ. ಕೂರಲು ಬಿಡುವಿಲ್ಲದವಳಿಗೆ, ಅವಳು ತೊಳೆಯುತ್ತಿರುವ ಪಾತ್ರೆ-ಬಟ್ಟೆಯ ಸಾಬೂನನ್ನೇ ಮಾರಲು ಹುಟ್ಟಿದ ಕಲೆ ಅದು. ಅಂದರೆ ಅವಳಿಗೆ ಬಿಡುವಿಲ್ಲ ಎಂಬುದು ವ್ಯಾಪಾರಿಗಳಿಗೆ ಗೊತ್ತಿತ್ತು. ಮನೆಯ ಗಂಡಸರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ನಮ್ಮಲ್ಲಿ 1987-88ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರುತ್ತಿದ್ದಾಗ ಹಳ್ಳಿಗಳಲ್ಲಿ ಟಿವಿ ಇದ್ದದ್ದು ಎಲ್ಲೋ ಒಂದೆರಡು ಮನೆಯಲ್ಲಿ. ಊರಿಗೆ ಊರೇ ಜಾತಿಮತ ಮರೆತು ಅಲ್ಲಿ ಸೇರುತ್ತಿತ್ತು. ಆ ಕಾಲದವರು ಅದನ್ನು ಪ್ರೀತಿಯಿಂದ ನೆನೆಯುತ್ತಾರೆ, ತಪ್ಪೇನಿಲ್ಲ. ಆದರೆ ಆ ಹೊತ್ತಿಗೆ ಮುನ್ನ ಮನೆಗೆಲಸ ಮುಗಿಸಲು ನಸುಕಿಗೇ ಎದ್ದವರು ಯಾರು ಎಂದು ಅವರು ನೆನೆಯುವುದಿಲ್ಲ. 1994ರಲ್ಲಿ ಉದಯ ಟಿವಿ ಬಂತು, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ. ಟಿವಿ ಮನೆಮನೆಗೆ ಬಂತು. ಈಗ ಕೈಗೊಂದು ಮೊಬೈಲು. ಮನೆಮಂದಿ ಒಂದೇ ಕೋಣೆಯಲ್ಲಿ ಕೂತು ಬೇರೆ ಬೇರೆ ಪರದೆ ನೋಡುತ್ತಾರೆ. ಮನರಂಜನೆಯ ಯಂತ್ರ ಇಷ್ಟು ಬಾರಿ ಬದಲಾಯಿತು, ನೀರು ತರುವವಳು ಬದಲಾಗಲಿಲ್ಲ. ಟಿವಿಯೇ ರೋಗವಾಗಿದ್ದರೆ ಟಿವಿ ಹಿಂದೆ ಸರಿದ ಮೇಲಾದರೂ ಮನೆ ಸರಿಹೋಗಬೇಕಿತ್ತಲ್ಲ!

ಇದೆಲ್ಲ ಉತ್ಪ್ರೇಕ್ಷೆ ಎನ್ನುವವರಿಗೆ ಕೇಂದ್ರ ಸರ್ಕಾರದ್ದೇ ಅಂಕಿ ಇದೆ. ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಆರು ವರ್ಷ ದಾಟಿದ ಹೆಣ್ಣುಗಳಲ್ಲಿ ಶೇ. 81.2ರಷ್ಟು ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಗಂಡುಗಳಲ್ಲಿ ಶೇ. 26.1 ಮಾತ್ರ. ಮಾಡಿದ ಹೆಂಗಸರು ಅದಕ್ಕೆ ಕೊಟ್ಟದ್ದು ದಿನಕ್ಕೆ 299 ನಿಮಿಷ, ಮಾಡಿದ ಗಂಡಸರು ಕೊಟ್ಟದ್ದು 97 ನಿಮಿಷ. ಬಾಕಿ ಉಳಿದ ಗಂಡಸರ, ಅಂದರೆ ನಾಲ್ವರಲ್ಲಿ ಸುಮಾರು ಮೂವರ ಲೆಕ್ಕ ಸೊನ್ನೆ. 2024ರಲ್ಲಿ ಮತ್ತೆ ಸಮೀಕ್ಷೆ ನಡೆಯಿತು. 15ರಿಂದ 59 ವರ್ಷದ ಹೆಂಗಸರ ಮನೆಗೆಲಸದ ಸಮಯ 315 ನಿಮಿಷದಿಂದ 305ಕ್ಕೆ ಇಳಿದಿತ್ತು. ಐದು ವರ್ಷಕ್ಕೆ ಹತ್ತು ನಿಮಿಷ! ಇದೇ ವೇಗದಲ್ಲಿ ಹೋದರೆ ದಿನಕ್ಕೆ ಒಂದು ಗಂಟೆ ಕಡಿಮೆಯಾಗಲು ಮೂವತ್ತು ವರ್ಷ ಬೇಕು. ಇಂದು ಮದುವೆಯಾದ ಹುಡುಗಿಗೆ ಆ ಒಂದು ಗಂಟೆ ಸಿಗುವಾಗ ಅವಳಿಗೆ ಮೊಮ್ಮಕ್ಕಳಿರುತ್ತಾರೆ.

ಇದೇ ಸಮೀಕ್ಷೆಯ ಇನ್ನೊಂದು ಸಂಖ್ಯೆಯನ್ನು ಎದುರಾಳಿಗಳು ಎತ್ತಿ ತೋರಿಸಬಹುದು. ಟಿವಿ, ಮನರಂಜನೆ, ಬಿಡುವಿನ ಲೆಕ್ಕದಲ್ಲಿ ಗಂಡಿಗೂ ಹೆಣ್ಣಿಗೂ ಹೇಳಿಕೊಳ್ಳುವಂಥ ಅಂತರ ಕಾಣುವುದಿಲ್ಲ. ‘ನೋಡಿ, ಅವರೂ ನಮ್ಮಷ್ಟೇ ಆರಾಮಾಗಿದ್ದಾರೆ’ ಎನ್ನಬಹುದು. ಆದರೆ ಕಾಲು ಚಾಚಿ ಪಂದ್ಯ ನೋಡುವ ಒಂದು ಗಂಟೆಯೂ, ಅವರೆಕಾಳು ಹಿದುಕುತ್ತಾ, ಕುಕ್ಕರಿನ ಸೀಟಿ ಎಣಿಸುತ್ತಾ, ಮೂರು ಸಲ ಎದ್ದು ಕೂತ ಒಂದು ಗಂಟೆಯೂ ಒಂದೇ ಆಗುತ್ತದೆಯೇ? ಗಡಿಯಾರಕ್ಕೆ ಎರಡೂ ಒಂದೇ. ಸೊಂಟಕ್ಕೆ ಒಂದೇ ಅಲ್ಲ.

ಸರ್ಕಾರದ ಕಣ್ಣಿಗೂ ಈ ಕೆಲಸ ಬಹಳ ಕಾಲ ಬಿದ್ದಿರಲಿಲ್ಲ. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ದುಡಿಯದವರ ಪಟ್ಟಿಯಲ್ಲಿ ಭಿಕ್ಷುಕರು, ಕೈದಿಗಳ ಜೊತೆಗೆ ಸೇರಿಸಲಾಗಿತ್ತು. 2010ರಲ್ಲಿ ಅರುಣ್ ಕುಮಾರ್ ಅಗರ್ವಾಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿಯವರು ಇದನ್ನು ಖಂಡಿಸಿದರು. ಅಪಘಾತದಲ್ಲಿ ಸತ್ತ ಗೃಹಿಣಿಯ ಪರಿಹಾರ ಎಷ್ಟೆಂಬುದು ಅಲ್ಲಿನ ಪ್ರಶ್ನೆಯಾಗಿತ್ತು. 2021ರ ಜನವರಿಯಲ್ಲಿ ಇಂಥದೇ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟು ಈ 299 ಮತ್ತು 97 ನಿಮಿಷಗಳ ಲೆಕ್ಕವನ್ನೇ ಮುಂದಿಟ್ಟು, ಮನೆಗೆಲಸಕ್ಕೆ ಆದಾಯದ ಬೆಲೆ ಕಟ್ಟಲೇಬೇಕು ಎಂದಿತು. ಸತ್ತ ಮೇಲೆ ಕೋರ್ಟು ಕಟ್ಟುವ ಬೆಲೆಯನ್ನು ಬದುಕಿದ್ದಾಗ ಮನೆಯವರು ಕಟ್ಟಬಾರದೆಂದು ಕಾನೂನಿದೆಯೇ?

ಸಮರ್ಥನೆಗಳು ಸಾಕಷ್ಟಿವೆ. ‘ಗಂಡಸು ಹೊರಗೆ ದುಡಿದು ದಣಿದು ಬರುತ್ತಾನೆ.’ ನಿಜ, ದಣಿಯುತ್ತಾನೆ. ಹಾಗಾದರೆ ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಗುರಿ ಮುಟ್ಟಿಸಿ ಬಂದವಳು ಏನು ಹಬ್ಬ ಮುಗಿಸಿ ಬಂದಳೇ? ‘ಗ್ಯಾಸು, ಮಿಕ್ಸಿ, ವಾಷಿಂಗ್ ಮೆಷೀನು ಬಂದಿವೆ, ಈಗೇನು ಕಷ್ಟ?’ ಅಷ್ಟು ಸುಲಭವಾಗಿದ್ದರೆ ಗುಂಡಿ ಒತ್ತಲು ಗಂಡಸಿನ ಬೆರಳಿಗೆ ಏನಾಗಿದೆ? ‘2023ರಿಂದ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತಿದೆಯಲ್ಲ.’ ಅದು ಸರ್ಕಾರ ಕೊಟ್ಟ ಹಣ. ಮನೆಯವರು ಕೊಟ್ಟದ್ದೇನು? ‘ಹೆಂಗಸರೇ ಗಂಡುಮಕ್ಕಳನ್ನು ಅಡುಗೆಮನೆಗೆ ಬಿಡುವುದಿಲ್ಲ.’ ಇದರಲ್ಲಿ ಸತ್ಯವಿದೆ. ತಟ್ಟೆ ಎತ್ತಲು ಹೋದ ಮಗನನ್ನು ‘ನೀನ್ಯಾಕೋ, ಅಕ್ಕ ತೊಳೀತಾಳೆ ಬಿಡು’ ಎಂದು ತಡೆಯುವ ತಾಯಂದಿರು ಎಲ್ಲ ಬೀದಿಗಳಲ್ಲೂ ಇದ್ದಾರೆ. ಅದನ್ನು ಅವರಿಗೆ ಕಲಿಸಿದ್ದು ಇದೇ ಸಮಾಜ. ಕಲಿತದ್ದನ್ನು ಬಿಡುವ ಹೊಣೆ ಅವರಿಗೂ ಇದೆ.

ಗಂಡಸರು ಮನೆಗಾಗಿ ಏನೂ ಮಾಡುವುದಿಲ್ಲವೆಂದಲ್ಲ. ಶುದ್ಧ ನೀರಿನ ಘಟಕದಿಂದ ಬೈಕಿನಲ್ಲಿ ಕ್ಯಾನು ತರುತ್ತಾರೆ, ಸಂತೆಗೆ ಹೋಗುತ್ತಾರೆ, ಕರೆಂಟು ಕೆಟ್ಟರೆ ಕಂಬದವರೆಗೆ ಓಡುತ್ತಾರೆ. ಗಮನಿಸಿ, ಇವೆಲ್ಲ ಬೀದಿಗೆ ಕಾಣುವ ಕೆಲಸಗಳು. ಬೀದಿಗೆ ಕಾಣದ ಕೆಲಸಕ್ಕೆ ಕೈ ಹಾಕಿದರೆ ಮರ್ಯಾದೆ ಹೋಗುತ್ತದೆಂಬ ಭಯ. ಊರ ಮುಂದೆ ಇಪ್ಪತ್ತು ಲೀಟರ್ ನೀರು ಹೊರುವವನಿಗೆ ಮನೆಯೊಳಗೆ ಒಂದು ಲೋಟ ನೀರು ಭಾರವಾಗುತ್ತದೆ!

ಧರ್ಮದ ಹೆಸರಿನಲ್ಲಿ ಟಿವಿಯನ್ನು ಬೈಯುವವರಿಗೂ ಒಂದು ಮಾತು. ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಜಿನ ಹೊತ್ತಾದಾಗ ಎದ್ದು ಹೋಗುತ್ತಿದ್ದರು ಎಂದು ಹಜರತ್ ಆಯಿಷಾ ತಿಳಿಸಿದ್ದನ್ನು ಬುಖಾರಿಯ ಹದೀಸ್ ಸಂಗ್ರಹ ದಾಖಲಿಸಿದೆ. ಟಿವಿ ಹರಾಮೋ ಹಲಾಲೋ ಎಂದು ಗಂಟೆಗಟ್ಟಲೆ ವಾದಿಸುವವರ ಬಾಯಲ್ಲಿ ಈ ಹದೀಸ್ ಎಷ್ಟು ಸಲ ಬಂದಿದೆ? ಕಾಯಕದ ಮಹಿಮೆಯನ್ನು ವೇದಿಕೆಯಲ್ಲಿ ಕೊಂಡಾಡಿ ಬಂದು ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವವರಿಗೂ ಇದೇ ಪ್ರಶ್ನೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಕನ್ನಡ ನಾಡೇ ಹೆಮ್ಮೆ ಪಟ್ಟಿತು. ಆ ಕಥೆಗಳಲ್ಲಿ ಬರುವ ಮನೆಗಳು ನಮ್ಮವೇ ಎಂದು ಒಪ್ಪಿಕೊಂಡವರು ಎಷ್ಟು ಮಂದಿ?

1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದ ಹೆಂಗಸರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಆ ಒಂದು ದಿನ ಕಚೇರಿ ಕೆಲಸವನ್ನೂ ಮನೆಗೆಲಸವನ್ನೂ ನಿಲ್ಲಿಸಿದರು. ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡು ಕಚೇರಿಗೆ ಹೋಗಬೇಕಾಯಿತು. ದೇಶ ಹೇಗೆ ನಡೆಯುತ್ತಿದೆ ಎಂಬುದು ಒಂದೇ ದಿನದಲ್ಲಿ ಎಲ್ಲರಿಗೂ ತಿಳಿಯಿತು. ಮರುವರ್ಷವೇ ಅಲ್ಲಿ ಸಮಾನತೆಯ ಕಾನೂನು ಬಂತು. ತೂಬಗೆರೆಯ ಹೆಂಗಸರು ಹಾಗೆ ಕೆಲಸ ಬಿಡಲಿ ಎಂದು ಹೇಳುವುದು ಸುಲಭ. ಹಸುವಿಗೂ ಹುಳುವಿಗೂ ಮುಷ್ಕರ ಅರ್ಥವಾಗುವುದಿಲ್ಲ. ಅವು ಹಸಿದರೆ ಅವಳಿಗೇ ಕರುಳು ಚುರುಕ್ ಎನ್ನುತ್ತದೆ. ಆದ್ದರಿಂದ ಬದಲಾಗಬೇಕಾದವರು ಕೂತವರು.

ದೊಡ್ಡ ಕ್ರಾಂತಿಯೇನೂ ಬೇಕಾಗಿಲ್ಲ. ಉಂಡ ತಟ್ಟೆಯನ್ನು ಉಂಡವರೇ ತೊಳೆಯಲಿ, ಗಂಡುಮಗನಿಗೆ ಇದನ್ನು ಐದನೇ ವಯಸ್ಸಿಗೇ ಕಲಿಸಲಿ. ಬಾಯಾರಿದವನು ತಾನೇ ಎದ್ದು ನೀರು ಕುಡಿಯಲಿ, ಬರುವಾಗ ಇನ್ನೊಂದು ಲೋಟ ತರಲಿ. ವಾರದಲ್ಲಿ ಒಂದು ರಾತ್ರಿಯ ಅಡುಗೆ ಗಂಡಸರದ್ದಾಗಲಿ, ಮುದ್ದೆ ಗಂಟಾದರೂ ಪರವಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಮನೆಯ ಹೆಂಗಸು ಕೈಯಲ್ಲಿ ಏನೂ ಇಲ್ಲದೆ, ಯಾರೂ ಕರೆಯದೆ ಕೂರಲಿ. ಆ ಅರ್ಧ ಗಂಟೆ ಅವಳು ಕುರ್‌ಆನ್ ಓದಲಿ, ಪತ್ರಿಕೆ ಓದಲಿ, ಸುಮ್ಮನೆ ಸೂರು ನೋಡುತ್ತಾ ಕೂರಲಿ, ಬೇಕಿದ್ದರೆ ಆ ಟೊಳ್ಳು ಧಾರಾವಾಹಿಯನ್ನೇ ನೋಡಲಿ. ಬಿಡುವನ್ನು ಹೇಗೆ ಕಳೆಯಬೇಕೆಂದು ಗಂಡಸಿಗೆ ಯಾರೂ ಉಪದೇಶ ಮಾಡಲಿಲ್ಲ. ಅವಳಿಗೂ ಆ ಉಪದೇಶ ಬೇಡ, ಮೊದಲು ಬಿಡುವು ಕೊಡಿ.