ಟೆಲಿಕನ್ವರ್ಟರ್ ತಗೊಳ್ಳೋ ಮುಂಚೆ ಒಂದು ಲೆಕ್ಕ

1/3
ಡಿಎಂ ತೆರೆದರೆ ಒಂದೇ ಪ್ರಶ್ನೆ: "ಮುಂದಿನ ಏರೋ ಇಂಡಿಯಾ ಹೊತ್ತಿಗೆ ಟೆಲಿಕನ್ವರ್ಟರ್ ತಗೋಬೇಕು ಅಂತಿದ್ದೀನಿ, ಯಾವುದು ಒಳ್ಳೇದು?" ನಮ್ಮ ಕ್ಲಾಸಲ್ಲೇ ಇಬ್ಬರು ಇಎಂಐ ಲೆಕ್ಕ ಹಾಕ್ತಾ ಕೂತಿದ್ದಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ನಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಡ. ಯಾಕೆ ಅಂತ ಮೂರು ಪೋಸ್ಟಲ್ಲಿ ಬರೀತೀನಿ, ಸೇವ್ ಮಾಡ್ಕೊಳ್ಳಿ.

ಗೊತ್ತಿಲ್ಲದವರಿಗೆ: ಇದು ಕ್ಯಾಮೆರಾ ಬಾಡಿಗೂ ಲೆನ್ಸಿಗೂ ನಡುವೆ ಕೂರುವ ಗಿಡ್ಡ ಕೊಳವೆ, ಒಳಗೆ ಗಾಜು. 1.4 ಎಕ್ಸ್ ಹಾಕಿದರೆ 400 ಎಂಎಂ ಲೆನ್ಸ್ 560 ಆಗುತ್ತೆ. 2 ಎಕ್ಸ್ ಹಾಕಿದರೆ 800. ಕೇಳೋಕೆ ಪುಕ್ಕಟೆ ಲಾಭ. ಆದರೆ ಬಿಕಾಂನವರು ನಾವು, ಡೆಬಿಟ್ ಇಲ್ಲದ ಕ್ರೆಡಿಟ್ ಎಲ್ಲಾದ್ರೂ ನೋಡಿದ್ದೀರಾ?

ಇಲ್ಲಿ ಡೆಬಿಟ್ ಆಗೋದು ಬೆಳಕು. 1.4 ಎಕ್ಸ್ ಒಂದು ಸ್ಟಾಪ್ ತಿನ್ನುತ್ತೆ, 2 ಎಕ್ಸ್ ಎರಡು ಸ್ಟಾಪ್. ನಿಮ್ಮದು 100-400, ಎಫ್ 5.6 ಅಂದುಕೊಳ್ಳಿ. 1.4ರಲ್ಲಿ ಅದು ಎಫ್ 8, 2 ಎಕ್ಸ್‌ನಲ್ಲಿ ಎಫ್ 11. ಜೆಟ್ ನಿಲ್ಲಿಸೋಕೆ 1/2000 ಶಟರ್ ಇಟ್ಟು ಐಎಸ್‌ಒ 400ರಲ್ಲಿ ತೆಗೀತಿದ್ದವರು 800ಕ್ಕೆ, ಇಲ್ಲಾ 1600ಕ್ಕೆ ಹೋಗಬೇಕು.

2/3
ಫೋಕಸ್ ವಿಷಯಕ್ಕೆ ಬನ್ನಿ. ಸೆಕೆಂಡ್‌ಹ್ಯಾಂಡ್‌ನಲ್ಲಿ ನಮ್ಮ ಕೈಗೆ ಸಿಗೋ ಹಳೇ ಡಿಎಸ್‌ಎಲ್‌ಆರ್‌ಗಳಲ್ಲಿ ಬಹಳಷ್ಟು ಎಫ್ 5.6 ದಾಟಿದರೆ ಆಟೋಫೋಕಸ್ ಕೈಕೊಡುತ್ತೆ. ಕೆಲವು ಎಫ್ 8ರಲ್ಲೂ ಮಾಡುತ್ತವೆ, ಅದೂ ಮಧ್ಯದ ಪಾಯಿಂಟಲ್ಲಿ. ಮಿರರ್‌ಲೆಸ್‌ಗಳು ಈ ವಿಷಯದಲ್ಲಿ ವಾಸಿ, ಆದರೂ ಬೆಳಕು ಕಮ್ಮಿ ಆದಷ್ಟು ಅವೂ ತಡಕಾಡುತ್ತವೆ. ತಲೆ ಮೇಲೆ ಹಾದುಹೋಗೋ ಜೆಟ್ ನಿಮಗೋಸ್ಕರ ಕಾಯಲ್ಲ ಗುರೂ.

ಇನ್ನೊಂದು, ಝೂಮ್ ಲೆನ್ಸಿನ ಮಜಾನೇ ಹಿಂದಕ್ಕೆ ಬರೋದ್ರಲ್ಲಿದೆ. ನಮ್ಮ ಬೀದರಿನ ಸೂರ್ಯಕಿರಣ್ ತಂಡ ನೋಡಿ. 9 ಹಾಕ್ ವಿಮಾನ ಒಟ್ಟಿಗೆ ಬರ್ತವೆ, ಒಂದೇ ಕ್ಷಣದಲ್ಲಿ ಹೂವಿನ ಥರ ಬಿಚ್ಚಿಕೊಳ್ತವೆ. ಆಗ ಅಗಲ ಬೇಕು. ಕ್ಯಾನನ್ ಆರ್‌ಎಫ್ 100-500ಕ್ಕೆ ಅವರದೇ 1.4 ಹಾಕಿದರೆ ಲೆನ್ಸನ್ನ 300ಕ್ಕಿಂತ ಹಿಂದಕ್ಕೆ ತರೋಕೇ ಆಗಲ್ಲ. ಅಂದ್ರೆ ನಿಮ್ಮ ಝೂಮ್ ಶುರುವಾಗೋದೇ 420ರಿಂದ. 9 ವಿಮಾನದಲ್ಲಿ ಎರಡರ ಬಾಲ ಸಿಕ್ಕರೆ ಪುಣ್ಯ.

ಕಿಟ್ ಲೆನ್ಸ್ ಇರೋರು ಇದನ್ನ ಓದಲೇಬೇಕು: ಕ್ಯಾನನ್‌ನ 55-250, 75-300 ಇವಕ್ಕೆ ಕ್ಯಾನನ್ ಕನ್ವರ್ಟರ್ ಕೂರೋದೇ ಇಲ್ಲ. ಕನ್ವರ್ಟರ್‌ನ ಮುಂದಿನ ಗಾಜು ಹೊರಗೆ ಚಾಚಿಕೊಂಡಿರುತ್ತೆ, ಹಿಂದೆ ಜಾಗ ಇರೋ ಲೆನ್ಸ್‌ಗಳಿಗೆ ಮಾತ್ರ ಅದು. ದುಡ್ಡು ಕೊಡೋ ಮುಂಚೆ ಕಂಪನಿಯ ಪಟ್ಟಿ ನೋಡಿ.

ಕೊನೆಗೆ, ಯಾವ ಗಾಜೂ ಸರಿಮಾಡಲಾಗದ ವಿಷಯ: ಗಾಳಿ. ಏರೋ ಇಂಡಿಯಾ ಫೆಬ್ರವರಿಯಲ್ಲಿ, ಯಲಹಂಕದಲ್ಲಿ. ಬಿಸಿಲು ಏರಿದ ಹಾಗೆ ರನ್‌ವೇ ಕಾದು ಬಿಸಿಗಾಳಿ ಏಳುತ್ತೆ, ಬೆಳಕು ಅದರೊಳಗೆ ಬಾಗುತ್ತೆ, ದೂರದ ವಿಮಾನ ನೀರಲ್ಲಿ ಅಲ್ಲಾಡೋ ಹಾಗೆ ಕಾಣುತ್ತೆ. ಕನ್ವರ್ಟರ್ ವಿಮಾನದ ಜೊತೆ ಆ ಅಲ್ಲಾಟವನ್ನೂ ದೊಡ್ಡದು ಮಾಡುತ್ತೆ.

3/3
ಹಾಗಾದ್ರೆ ದೂರದ್ದನ್ನ ಹತ್ತಿರ ತರೋದು ಹೇಗೆ? ಕ್ರಾಪ್ ಮಾಡಿ. ನಾಚಿಕೆ ಬೇಡ. 24 ಮೆಗಾಪಿಕ್ಸೆಲ್ ಫೋಟೋವನ್ನ 1.4ರಷ್ಟು ಕ್ರಾಪ್ ಮಾಡಿದರೆ 12 ಉಳಿಯುತ್ತೆ, 2ರಷ್ಟು ಮಾಡಿದರೆ 6. ನೀವು ಇಲ್ಲಿ ನೋಡ್ತಿರೋ ಪೋಸ್ಟ್ 1080 ಇಂಟು 1350, ಅಂದ್ರೆ ಒಂದೂವರೆ ಮೆಗಾಪಿಕ್ಸೆಲ್ ಕೂಡ ಇಲ್ಲ! ಕ್ರಾಪ್ ಮಾಡಿದರೆ ನಾಯ್ಸ್ ಎದ್ದು ಕಾಣುತ್ತೆ, ನಿಜ. ಕನ್ವರ್ಟರ್ ಹಾಕಿ ಐಎಸ್‌ಒ ಏರಿಸಿದರೂ ಅದೇ ಕಥೆ. ಆದರೆ ಕ್ರಾಪ್‌ಗೆ ಇಎಂಐ ಇಲ್ಲ, ಫೋಕಸೂ ಚುರುಕಾಗೇ ಇರುತ್ತೆ.

ಕನ್ವರ್ಟರ್ ಯಾರಿಗೂ ಬೇಡ ಅಂತ ನಾನು ಹೇಳ್ತಿಲ್ಲ. 70-200 ಎಫ್ 2.8 ಇರೋರು 1.4 ಹಾಕಿದರೆ 280ರವರೆಗೂ ಎಫ್ 4 ಸಿಗುತ್ತೆ, ಒಳ್ಳೇ ವ್ಯಾಪಾರ. ದೊಡ್ಡ ಪ್ರಿಂಟ್ ಮಾಡಿಸೋರಿಗೆ, ಬೆಳಗಿನ ತಣ್ಣನೆ ಗಾಳಿಯಲ್ಲಿ ಒಂದೊಂದೇ ವಿಮಾನ ತೆಗೆಯೋರಿಗೂ ಉಪಯೋಗ ಇದೆ. ನಾವು? ಎರಡು ವರ್ಷಕ್ಕೊಮ್ಮೆ ಬರೋ ಐದು ದಿನದ ಶೋಗೆ ಹತ್ತಾರು ಸಾವಿರ ಯಾಕೆ? ಒಂದು ದಿನದ ಮಟ್ಟಿಗೆ 150-600 ಬಾಡಿಗೆಗೆ ತನ್ನಿ, ಮೂವರು ಸೇರಿ ಹಂಚಿಕೊಳ್ಳಿ.

ಉಳಿದ ದಿನ ಅಭ್ಯಾಸ ಮಾಡಿ. ಬೆಂಗಳೂರಿನ ಆಕಾಶದಲ್ಲಿ ಹದ್ದುಗಳಿಗೆ ಬರ ಇಲ್ಲ, ಟೆರೇಸಿಂದ ಅವನ್ನ ಹಿಂಬಾಲಿಸಿ. ಓಡ್ತಿರೋ ಬಿಎಂಟಿಸಿ ಬಸ್ಸನ್ನ 1/250ರಲ್ಲಿ ಪ್ಯಾನ್ ಮಾಡಿ. ಅದೇ ಕೈ ಹೆಲಿಕಾಪ್ಟರ್ ರೆಕ್ಕೆ ತಿರುಗೋದನ್ನ ತೋರಿಸೋಕೂ ಬೇಕು.

ನಿಜ ಹೇಳಬೇಕಂದ್ರೆ, ಡಿಎಂನಲ್ಲಿ ನನಗೆ ಬೇಜಾರಾಗಿದ್ದು "ಯಾವ ಕನ್ವರ್ಟರ್" ಅನ್ನೋ ಪ್ರಶ್ನೆಯಿಂದಲ್ಲ. "ನನ್ನ ಹತ್ರ ಬರೀ 55-250 ಇದೆ, ಅಲ್ಲಿಗೆ ಬರೋಕೆ ಮುಜುಗರ" ಅಂತ ಒಬ್ಬರು ಬರೆದಿದ್ದರು. ಬನ್ನಿ ಮಾರಾಯ್ರೆ. ಪಕ್ಕದವರ ಲೆನ್ಸ್ ಎಷ್ಟುದ್ದ ಇದೆ ಅಂತ ವಿಮಾನ ನೋಡಲ್ಲ. ಅಪ್ಪ ಅಮ್ಮನ ದುಡ್ಡಲ್ಲಿ ಆ ಮುಜುಗರಕ್ಕೆ ಬೆಲೆ ಕಟ್ಟಬೇಡಿ.

ನಿಮ್ಮ ಹತ್ರ ಯಾವ ಲೆನ್ಸ್ ಇದೆ? ಕಾಮೆಂಟಲ್ಲಿ ಹೇಳಿ, ಅದರಲ್ಲೇ ಏನೇನು ತೆಗೀಬಹುದು ಅಂತ ಮುಂದಿನ ಪೋಸ್ಟಲ್ಲಿ ನೋಡೋಣ.

#ವಿಮಾನಫೋಟೋ #ಯಲಹಂಕ #ಇಎಂಐಬೇಡಗುರೂ