ಹದಿನಾರನೆಯ ಹೆಸರು

ಒಲಿಂಪಿಕ್ಸ್‌ಗೆ ಹೋಗುವ ಭಾರತ ಹಾಕಿ ತಂಡದ ಪಟ್ಟಿ ಪ್ರಕಟವಾದ ದಿನ ಹರ್ಮನ್‌ಪ್ರೀತ್ ಸಿಂಗ್ ಇರಬೇಕಿತ್ತೇ, ಹಾರ್ದಿಕ್ ಸಿಂಗ್ ಇರಬೇಕಿತ್ತೇ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹದಿನಾರರಲ್ಲಿ ಹನ್ನೆರಡು ಹೆಸರುಗಳನ್ನು ಮಡಿಕೇರಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತ ಹಾಕಿಪ್ರೇಮಿಯೂ ಮೊದಲೇ ಬರೆದಿಟ್ಟಿರುತ್ತಾನೆ. ಹದಿಮೂರನೆಯ ಹೆಸರಿನ ಬಗ್ಗೆಯೂ ಹೆಚ್ಚು ತಕರಾರಿರುವುದಿಲ್ಲ. ಜಗಳವೆಲ್ಲ ಉಳಿದ ಎರಡು ಮೂರು ಜಾಗಗಳದ್ದು.

ಆದರೆ ಪಟ್ಟಿಯನ್ನು ಎಷ್ಟು ಸಲ ತಿರುವಿ ಹಾಕಿದರೂ ಆ ಹದಿನಾರನೆಯವನು ಯಾರೆಂದು ತಿಳಿಯುವುದಿಲ್ಲ. ಮೊದಲು ಗೋಲ್‌ಕೀಪರ್, ಆಮೇಲೆ ರಕ್ಷಣಾ ಆಟಗಾರರು, ನಂತರ ಮಿಡ್‌ಫೀಲ್ಡರ್‌ಗಳು, ಕೊನೆಗೆ ಫಾರ್ವರ್ಡ್‌ಗಳು ಎಂದು ಹೆಸರುಗಳನ್ನು ಜೋಡಿಸಿರುತ್ತಾರೆ. ಕೊನೆಯ ಕ್ಷಣದಲ್ಲಿ ಒಳಗೆ ಬಂದವನು ಯಾರು, ಅವನಿಗಾಗಿ ಹೊರಗುಳಿದವನು ಯಾರು ಎಂಬುದು ಆಯ್ಕೆಗಾರರಿಗೆ ಗೊತ್ತು. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಶಿಬಿರದಲ್ಲಿ ತಿಂಗಳುಗಟ್ಟಲೆ ಬೆವರು ಹರಿಸಿ, ಪಟ್ಟಿ ಕೇಳಿ ಸುಮ್ಮನಾದ ಹುಡುಗನಿಗೂ ಗೊತ್ತು.

ಹಿಂದೆ ಈ ಪ್ರಶ್ನೆಗೆ ಇಷ್ಟು ಬೆಲೆ ಇರಲಿಲ್ಲ. ಆಟ ಶುರುಮಾಡಿದ ಹನ್ನೊಂದು ಮಂದಿಯೇ ಬಹುಮಟ್ಟಿಗೆ ಮುಗಿಸುತ್ತಿದ್ದರು. ಬದಲಿ ಆಟಗಾರ ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟಿ, ಬ್ಯಾಗು ಹೊತ್ತು ವಾಪಸಾಗುತ್ತಿದ್ದ ಪಂದ್ಯಗಳೇ ಹೆಚ್ಚು. ಈಗ ಹಾಗಿಲ್ಲ. ಎಷ್ಟು ಬಾರಿ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಹೊರಬಂದವನು ಮತ್ತೆ ಒಳಹೋಗಬಹುದು. ಗೋಲ್‌ಕೀಪರನ್ನು ಬಿಟ್ಟು ಹತ್ತು ಮಂದಿ, 60 ನಿಮಿಷ. ಒಟ್ಟು 600 ನಿಮಿಷಗಳ ಓಟ. ಅದನ್ನು ಹದಿನೈದು ಮಂದಿ ಹಂಚಿಕೊಂಡರೆ ತಲೆಗೆ ಸರಾಸರಿ 40 ನಿಮಿಷ. ಹದಿನಾರನೆಯವನಿಗೆ ಇದರ ಅರ್ಧವೇ ಸಿಕ್ಕಿತೆನ್ನಿ, ಆಗಲೂ ಆಟದ ಮೂರನೆಯ ಒಂದು ಭಾಗ ಅವನ ಕೈಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಅವನು ಎಡವಿದರೆ ಉಳಿದವರ ಬೆವರೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕೆನಡಾ, ಅಮೆರಿಕದ ಐಸ್ ಹಾಕಿಯಲ್ಲಿ ಈ ಕೊನೆಯವರಿಗೆ ಒಂದು ಹೆಸರೇ ಇದೆ. ಅಲ್ಲಿ ಪ್ರತಿ ಪಂದ್ಯಕ್ಕೆ ಹನ್ನೆರಡು ಫಾರ್ವರ್ಡ್‌ಗಳು. ಮೂವರಿಗೊಂದು ಸಾಲಿನಂತೆ ನಾಲ್ಕು ಸಾಲು. ಮೊದಲೆರಡು ಸಾಲಿನವರು ತಾರೆಗಳು. ನಾಲ್ಕನೆಯ ಸಾಲಿಗೆ ಸಿಗುವುದು ಸುಮಾರು ಹತ್ತು ನಿಮಿಷ ಮಾತ್ರ. ಆದರೂ ಆ ಮೂರು ಜಾಗ ಯಾರಿಗೆ ಸಲ್ಲಬೇಕೆಂಬ ವಾದ ಅಲ್ಲಿ ವರ್ಷವಿಡೀ ನಡೆಯುತ್ತದೆ. ಪ್ಯಾಟ್ ಮರೂನ್ ಎಂಬ ದಢೂತಿ ಆಟಗಾರ ಕೆಳಗಿನ ಸಾಲುಗಳಲ್ಲೇ ಆಡುತ್ತ 2019ರಲ್ಲಿ ಸೇಂಟ್ ಲೂಯಿಸ್ ತಂಡದೊಂದಿಗೆ, 2020 ಮತ್ತು 2021ರಲ್ಲಿ ಟ್ಯಾಂಪಾ ಬೇ ತಂಡದೊಂದಿಗೆ, ಹೀಗೆ ಸತತ ಮೂರು ವರ್ಷ ಸ್ಟ್ಯಾನ್ಲಿ ಕಪ್ ಎತ್ತಿದರು. ತಾರೆಗಳು ದಣಿದು ಕುಳಿತಾಗ ಎದುರಾಳಿಗೆ ಉಸಿರಾಡಲು ಬಿಡದಿರುವುದು ಅಂಥವರ ಕೆಲಸ. ಗೋಲು ಹೊಡೆದರೆ ಅದು ಲಾಭದ ಮೇಲಿನ ಲಾಭ.

ನಮ್ಮ ಹಾಕಿಯಲ್ಲಿ ಕೊನೆಯ ಜಾಗಗಳ ವಾದ ಮೂರು ದಾರಿ ಹಿಡಿಯುತ್ತದೆ. ಮೊದಲನೆಯದು ಸೇವೆಯ ದಾರಿ: ಇಷ್ಟು ವರ್ಷ ದುಡಿದವನನ್ನು ಇನ್ನೊಂದು ಒಲಿಂಪಿಕ್ಸ್‌ಗೆ ಕರೆದೊಯ್ಯಬಾರದೇ? ಎರಡನೆಯದು ಭವಿಷ್ಯದ ದಾರಿ: ಹೇಗೂ ಹದಿನಾರನೆಯವನಲ್ಲವೇ, ಒಬ್ಬ ಎಳೆಯ ಹುಡುಗನಿಗೆ ಅನುಭವವಾಗಲಿ. ಮೂರನೆಯದು ಊರಿನ ದಾರಿ: ನಮ್ಮವರು ಒಬ್ಬರಾದರೂ ಬೇಡವೇ?

ಕರ್ನಾಟಕದಲ್ಲಿ ಈ ಮೂರನೆಯ ಮಾತು ಕೇಳಿಬಂದರೆ ಆಶ್ಚರ್ಯವಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನ ಹದಿನಾರರಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಹೀಗೆ ಕೊಡಗಿನವರೇ ನಾಲ್ವರಿದ್ದರು. ಐದು ವರ್ಷಗಳ ನಂತರ ಟೋಕಿಯೊಗೆ ಹೊರಟ ತಂಡದಲ್ಲಿ ರಾಜ್ಯದ ಒಬ್ಬರೂ ಇರಲಿಲ್ಲ. ಸೋಮವಾರಪೇಟೆಯ ಸುನಿಲ್ ಶಿಬಿರದಲ್ಲಿದ್ದರು, ಪಟ್ಟಿಯಲ್ಲಿರಲಿಲ್ಲ. ಭಾರತದ ಪರ 264 ಪಂದ್ಯ ಆಡಿ, 72 ಗೋಲು ಹೊಡೆದು, ಎರಡು ಒಲಿಂಪಿಕ್ಸ್ ಕಂಡಿದ್ದ ಆ ವೇಗಗಾರ 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು. ಸೇವೆಯೇ ಅಳತೆಗೋಲಾಗಿದ್ದರೆ ಅವರನ್ನು ಬಿಡುವಂತಿರಲಿಲ್ಲ. ಊರು ಅಳತೆಗೋಲಾಗಿದ್ದರೂ ಬಿಡುವಂತಿರಲಿಲ್ಲ. ಅಭಿಮಾನಿಗಳಿಗೆ ಹೊಟ್ಟೆ ಉರಿದದ್ದು ಸಹಜವೇ.

ಆದರೂ ಈ ಮೂರು ದಾರಿಗಳಲ್ಲಿ ಒಂದು ಸಮಾನ ದೋಷವಿದೆ. ಮೂರೂ ಕೊನೆಯ ಜಾಗವನ್ನು ತಾಂಬೂಲದ ತಟ್ಟೆಯಂತೆ ನೋಡುತ್ತವೆ. ಯಾರಿಗೆ ಕೊಟ್ಟರೆ ಮರ್ಯಾದೆ ಎಂದು ಯೋಚಿಸುತ್ತವೆ. ತಂಡಕ್ಕೆ ಸಂಕಟ ಬಂದ ದಿನ ಆ ಜಾಗದಲ್ಲಿ ಯಾರಿದ್ದರೆ ಒಳಿತು ಎಂಬ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ. ಎಲ್ಲ ಸರಿಯಾಗಿ ನಡೆಯುವ ದಿನ ಮೊದಲ ಹನ್ನೆರಡು ಮಂದಿಯೇ ಪಂದ್ಯ ಗೆದ್ದುಕೊಡುತ್ತಾರೆ. ಹದಿನಾರನೆಯವನನ್ನು ಆರಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಏನೂ ಸರಿ ಹೋಗದ ದಿನವನ್ನು.

ಅಂಥ ದಿನಕ್ಕೆ ನಮ್ಮ ಹಾಕಿಯ ಚರಿತ್ರೆಯಲ್ಲೇ ಉದಾಹರಣೆ ಇದೆ. 1975ರ ವಿಶ್ವಕಪ್, ಕ್ವಾಲಾಲಂಪುರ. ಸೆಮಿಫೈನಲ್‌ನಲ್ಲಿ ಭಾರತ ಆತಿಥೇಯ ಮಲೇಷ್ಯಾ ಎದುರು 1-2ರಿಂದ ಹಿಂದಿತ್ತು, ಸಮಯ ಮುಗಿಯುತ್ತ ಬಂದಿತ್ತು. ಆಗ ಮೈಕೆಲ್ ಕಿಂಡೊ ಅವರ ಬದಲಿಗೆ ಬೆಂಚಿನಿಂದ ಎದ್ದು ಬಂದವರು ಅಸ್ಲಂ ಶೇರ್ ಖಾನ್. ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅಸ್ಲಂ ಕೊರಳಿನ ತಾಯಿತಕ್ಕೆ ಮುತ್ತಿಟ್ಟು ಹೊಡೆದರು; ಚೆಂಡು ಗೋಲು ಸೇರಿತು. ಹೆಚ್ಚುವರಿ ಸಮಯದಲ್ಲಿ ಹರಚರಣ್ ಸಿಂಗ್ ಮೂರನೆಯ ಗೋಲು ಹೊಡೆದರು. ಫೈನಲ್‌ನಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಕಪ್ ತಂದ ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಅವರೂ ಇದ್ದರು. ಭಾರತದ ಪುರುಷರು ಈವರೆಗೆ ಗೆದ್ದಿರುವ ವಿಶ್ವಕಪ್ ಅದೊಂದೇ. ಮುಖ್ಯ ಹನ್ನೊಂದರಲ್ಲಿ ಇಲ್ಲದವನೊಬ್ಬನ ಒಂದು ಹೊಡೆತ ಸೆಮಿಫೈನಲ್‌ನಲ್ಲಿ ದಾರಿ ತೆರೆಯದಿದ್ದರೆ ಅದೂ ಇರುತ್ತಿರಲಿಲ್ಲ.

ಟೋಕಿಯೊ ಒಲಿಂಪಿಕ್ಸ್ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿತು. 2021ರ ಜೂನ್‌ನಲ್ಲಿ ಹದಿನಾರು ಹೆಸರು ಪ್ರಕಟವಾದಾಗ ಸಿಮ್ರನ್‌ಜೀತ್ ಸಿಂಗ್ ಮತ್ತು ವರುಣ್ ಕುಮಾರ್ ಅದರಲ್ಲಿರಲಿಲ್ಲ, ಅವರು ಮೀಸಲು. ಮಾಮೂಲಿ ವರ್ಷವಾಗಿದ್ದರೆ ಯಾರಿಗಾದರೂ ಪೆಟ್ಟಾದ ಹೊರತು ಮೈದಾನಕ್ಕಿಳಿಯುವ ಯೋಗ ಅವರಿಗಿರಲಿಲ್ಲ. ಕೋವಿಡ್ ಕಾರಣದಿಂದ ಆ ಒಂದು ಕೂಟದ ಮಟ್ಟಿಗೆ ತಂಡಗಳನ್ನು ಹದಿನೆಂಟಕ್ಕೆ ಹಿಗ್ಗಿಸಿದರು. ಪ್ರತಿ ಪಂದ್ಯಕ್ಕೆ ಅವರಲ್ಲಿ ಹದಿನಾರು ಮಂದಿಯನ್ನು ಆರಿಸಿಕೊಳ್ಳಬಹುದಿತ್ತು. ಆಸ್ಟ್ರೇಲಿಯಾ ಎದುರು ಭಾರತ 1-7ರಿಂದ ಹೀನಾಯವಾಗಿ ಸೋತಿತು. ಮುಂದಿನ ಸ್ಪೇನ್ ಪಂದ್ಯದಲ್ಲಿ ಮೊದಲ ಗೋಲು ಸಿಮ್ರನ್‌ಜೀತ್ ಅವರದು. ಅರ್ಜೆಂಟೀನಾ ವಿರುದ್ಧ ಮೊದಲ ಗೋಲು ವರುಣ್ ಅವರದು. ಆಗಸ್ಟ್ 5ರಂದು ಕಂಚಿನ ಪದಕದ ಪಂದ್ಯದಲ್ಲಿ ಜರ್ಮನಿ ಎದುರು 1-3ರಿಂದ ಹಿಂದೆ ಬಿದ್ದ ಭಾರತ 5-4ರಿಂದ ಗೆದ್ದಿತಲ್ಲ, ಆ ಐದರಲ್ಲಿ ಎರಡು ಸಿಮ್ರನ್‌ಜೀತ್ ಹೊಡೆದವು. 41 ವರ್ಷಗಳ ಬರ ನೀಗಿದ್ದು ಹದಿನಾರರೊಳಗೆ ಬಾರದವನ ಕೋಲಿನಿಂದಲೂ ಹೌದು.

ಹಾಗಾದರೆ ಆಯ್ಕೆಗಾರರು ಮೊದಲೇ ತಪ್ಪಿದ್ದರೇ? ಹಾಗೆ ಹೇಳುವುದು ಸುಲಭ, ನ್ಯಾಯವಲ್ಲ. ಅವರನ್ನು ಬಿಟ್ಟು ಆರಿಸಿದವರೂ ಆ ಪದಕಕ್ಕೆ ದುಡಿದವರೇ. ಅಲ್ಲಿ ತಿಳಿದದ್ದು ಬೇರೆ ಸಂಗತಿ. ಹದಿನಾರನೆಯವನಿಗೂ ಹದಿನೆಂಟನೆಯವನಿಗೂ ನಡುವಿನ ಅಂತರ ಪ್ರತಿಭೆಯಲ್ಲಿ ಕೂದಲೆಳೆಯಷ್ಟು. ಹೀಗಿರುವಾಗ ಯಾರು ಹೆಚ್ಚು ಚೆನ್ನಾಗಿ ಆಡುತ್ತಾರೆ ಎಂದು ತೂಗುತ್ತ ಕೂತರೆ ತಕ್ಕಡಿ ಯಾವ ಕಡೆಗೂ ವಾಲುವುದಿಲ್ಲ. ಉಳಿದ ಹದಿನೈದು ಮಂದಿಯಲ್ಲಿ ಯಾವ ಕೆಲಸಕ್ಕೆ ಎರಡನೆಯ ಆಳಿಲ್ಲ ಎಂದು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ.

ಆ ಕೆಲಸಗಳೇನು? ಪೆನಾಲ್ಟಿ ಕಾರ್ನರ್‌ಗೆ ಮುಖ್ಯ ಡ್ರ್ಯಾಗ್ ಫ್ಲಿಕರ್ ಮೈದಾನದ ಹೊರಗಿದ್ದಾಗ ಹೊಡೆಯಬಲ್ಲವನೊಬ್ಬ ಬೇಕು. ಎದುರಾಳಿಯ ಪೆನಾಲ್ಟಿ ಕಾರ್ನರ್‌ಗೆ ಮುಖಕ್ಕೆ ರಕ್ಷಾಕವಚ ತೊಟ್ಟು, ಗುಂಡಿನಂತೆ ಬರುವ ಚೆಂಡಿಗೆ ಎದುರಾಗಿ ಮೊದಲು ಓಡುವ ಗಂಡೆದೆಯವನೊಬ್ಬ ಬೇಕು. ರಕ್ಷಣೆಯಲ್ಲೂ ಮಧ್ಯದಲ್ಲೂ ಆಡಬಲ್ಲವನೊಬ್ಬ ಬೇಕು. ಶೂಟೌಟ್‌ನಲ್ಲಿ ಎಂಟು ಸೆಕೆಂಡಿನೊಳಗೆ ಗೋಲ್‌ಕೀಪರನ್ನು ವಂಚಿಸಬಲ್ಲ ತಣ್ಣನೆಯ ತಲೆಯವನೊಬ್ಬ ಬೇಕು. ಇವುಗಳಲ್ಲಿ ಎರಡನ್ನಾದರೂ ಬಲ್ಲವನಿಗೆ ಕೊನೆಯ ಜಾಗ ಸಲ್ಲಬೇಕು.

2024ರ ಪ್ಯಾರಿಸ್‌ನಲ್ಲಿ ಮತ್ತೆ ಹದಿನಾರರ ಲೆಕ್ಕ ಬಂತು. ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಒಬ್ಬರೇ, ಕೃಷ್ಣ ಬಹಾದೂರ್ ಪಾಠಕ್ ಮೀಸಲಿನಲ್ಲಿ. ಮಿಡ್‌ಫೀಲ್ಡರ್ ನೀಲಕಂಠ ಶರ್ಮ ಮತ್ತು ಡ್ರ್ಯಾಗ್ ಫ್ಲಿಕರ್ ಜುಗರಾಜ್ ಸಿಂಗ್ ಕೂಡ ಮೀಸಲಿನಲ್ಲೇ. ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ 43 ನಿಮಿಷ ಭಾರತ ಹತ್ತೇ ಮಂದಿಯಿಂದ ಆಡಿತು. ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಹಿಂದಕ್ಕೆ ಸರಿದು ರಕ್ಷಣೆಗೆ ನಿಂತರು. 1-1ರ ಸಮಬಲ, ಶೂಟೌಟ್‌ನಲ್ಲಿ 4-2ರ ಗೆಲುವು. ಕೊನೆಯ ನಿರ್ಣಾಯಕ ಗೋಲು ಹೊಡೆದವರು ಮೊದಲ ಒಲಿಂಪಿಕ್ಸ್ ಆಡುತ್ತಿದ್ದ ರಾಜ್‌ಕುಮಾರ್ ಪಾಲ್. ಒಂದೇ ಪಂದ್ಯದಲ್ಲಿ ಮೇಲಿನ ಪಟ್ಟಿಯ ಎರಡು ಕೆಲಸಗಳು ಪರೀಕ್ಷೆಗೆ ಬಂದವು, ಎರಡಕ್ಕೂ ಆಳು ಸಿಕ್ಕಿದರು.

ಸೆಮಿಫೈನಲ್‌ನಲ್ಲಿ ಸಿಗಲಿಲ್ಲ. ರೋಹಿದಾಸ್ ಅಮಾನತಾಗಿದ್ದರಿಂದ ಭಾರತ ಜರ್ಮನಿಯ ಎದುರು ಹದಿನೈದೇ ಮಂದಿಯೊಂದಿಗೆ ಇಳಿಯಿತು. ಎದುರಾಳಿಯ ಪೆನಾಲ್ಟಿ ಕಾರ್ನರ್‌ಗೆ ಮೊದಲು ನುಗ್ಗುತ್ತಿದ್ದವರು ಅವರೇ. ಡ್ರ್ಯಾಗ್ ಫ್ಲಿಕ್‌ನಲ್ಲಿ ಹರ್ಮನ್‌ಪ್ರೀತ್‌ಗೆ ಜೊತೆಗಾರರೂ ಅವರೇ. ಜರ್ಮನಿಯ ಮೊದಲ ಗೋಲು ಪೆನಾಲ್ಟಿ ಕಾರ್ನರ್‌ನಲ್ಲೇ ಬಂತು. ಭಾರತ 2-3ರಿಂದ ಸೋತಿತು. ರೋಹಿದಾಸ್ ಇದ್ದಿದ್ದರೆ ಗೆಲ್ಲುತ್ತಿತ್ತೆಂದು ಪ್ರಮಾಣ ಮಾಡಲಾಗದು. ಒಬ್ಬ ಆಟಗಾರ ಹೊರಗುಳಿದಾಗ ಎರಡು ಕೆಲಸಗಳು ಒಟ್ಟಿಗೆ ಅನಾಥವಾದದ್ದು ಮಾತ್ರ ಕಣ್ಣಿಗೆ ಕಂಡ ಸತ್ಯ.

ಇಂಥ ಲೆಕ್ಕಾಚಾರದ ಇನ್ನೊಂದು ಬದಿಯಲ್ಲಿ ಮನುಷ್ಯರಿದ್ದಾರೆ. ಪ್ಯಾರಿಸ್‌ನಲ್ಲಿ ಸ್ಪೇನನ್ನು 2-1ರಿಂದ ಸೋಲಿಸಿದ ತಂಡ ಕಂಚಿನ ಪದಕಕ್ಕೆ ಕೊರಳೊಡ್ಡಿದಾಗ ಮೀಸಲಿನ ಮೂವರ ಕೊರಳು ಖಾಲಿಯೇ ಇತ್ತು. ಪದಕದ ಹಿಂದೆ ಬರುವ ಬಹುಮಾನ, ಮೆರವಣಿಗೆ, ಬಡ್ತಿ ಯಾವುದೂ ಹದಿನೇಳನೆಯವನ ಮನೆ ಬಾಗಿಲಿಗೆ ಬರುವುದಿಲ್ಲ. ನಾಲ್ಕು ವರ್ಷದ ಬೆವರಿಗೆ ಸಿಗುವುದು ‘ನೀನೂ ಚೆನ್ನಾಗಿಯೇ ಆಡುತ್ತೀಯಪ್ಪಾ’ ಎಂಬ ಮಾತು. ಇದಕ್ಕಿಂತ ಬೇಸರ ತರಿಸುವ ಸಮಾಧಾನ ಇನ್ನೊಂದಿಲ್ಲ.

ಅದಕ್ಕೇ ಆಯ್ಕೆಯ ಕಾರಣ ಆಟಗಾರನಿಗೆ ಸ್ಪಷ್ಟವಾಗಿ ತಿಳಿಯಬೇಕು. ಯಾವ ಕೆಲಸಕ್ಕಾಗಿ ಇನ್ನೊಬ್ಬನನ್ನು ಆರಿಸಿದೆವು, ನೀನು ಏನು ಕಲಿತರೆ ಆ ಜಾಗ ನಿನ್ನದಾಗುತ್ತದೆ ಎಂದು ಕೋಚ್ ಬಿಡಿಸಿ ಹೇಳಿದರೆ ಹೊರಗುಳಿದ ಹುಡುಗ ಮರುದಿನವೂ ಕೋಲು ಹಿಡಿಯುತ್ತಾನೆ. ಸೇವೆ, ವಯಸ್ಸು, ಊರು ಎಂಬ ಕಾರಣಗಳಿಗೆ ಅವನ ಬಳಿ ಮದ್ದಿಲ್ಲ. ಪೆನಾಲ್ಟಿ ಕಾರ್ನರ್‌ಗೆ ಮೊದಲು ಓಡುವುದನ್ನಾದರೆ ಅವನು ಕಲಿಯಬಲ್ಲ. ಹೊಡೆತ ತಿನ್ನುವ ಧೈರ್ಯವೊಂದು ಬೇಕು, ಅಷ್ಟೆ.

ಮುಂದಿನ ಪಟ್ಟಿ ಬಂದಾಗ ಕಾಫಿ ಹೋಟೆಲಿನ ಪಂಡಿತರೂ ಹೀಗೊಮ್ಮೆ ಓದಿ ನೋಡಬಹುದು. ತಮ್ಮ ಮೆಚ್ಚಿನ ಆಟಗಾರ ಇದ್ದಾನೆಯೇ ಎಂದು ಹುಡುಕುವ ಮೊದಲು, ಮೂರನೆಯ ಕ್ವಾರ್ಟರ್‌ನಲ್ಲಿ ಎರಡು ಗೋಲು ಹಿಂದಿರುವಾಗ, ಒಬ್ಬನ ಸ್ನಾಯು ಸೆಳೆತಕ್ಕೆ ಸಿಕ್ಕಿ, ಇನ್ನೊಬ್ಬ ಕಾರ್ಡ್ ಪಡೆದು ಹೊರಗೆ ಕುಳಿತಾಗ ಬೆಂಚಿನಿಂದ ಏಳುವವರು ಯಾರ್‍ಯಾರು ಎಂದು ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಹೆಸರುಗಳು ಸಿಕ್ಕಿದರೆ ತಂಡ ಚೆನ್ನಾಗಿದೆ ಎಂದು ತಿಳಿಯಬಹುದು. ಸಿಗದಿದ್ದರೆ ಇನ್ನೊಂದು ಕಾಫಿ ತರಿಸಿ ಜಗಳ ಮುಂದುವರಿಸಲು ಅಡ್ಡಿಯಿಲ್ಲ.